ಹಂಚಿನ ಮೇಲೆ 1865 ಎಂದಿದೆ. ಮನೆಯ ಬೆಲೆ ಎಲ್ಲಿದೆ?

ಪ್ರಶ್ನೆ: ಮಡಿಕೇರಿ ಪೇಟೆಯಿಂದ ತುಸು ಹೊರಗೆ, ಗುಡ್ಡದ ಏಣಿನ ಮೇಲೆ ನಮ್ಮ ಮುತ್ತಜ್ಜ ಕಟ್ಟಿಸಿದ ಮನೆಯಿದೆ. ಅವರು ಪಾರ್ಪತ್ಯಗಾರರು, ಅಂದರೆ ಬ್ರಿಟಿಷ್ ಕಾಲದಲ್ಲಿ ಒಂದು ನಾಡಿನ ಕಂದಾಯ ಅಧಿಕಾರಿಯಾಗಿದ್ದವರು. ಮನೆ 1912ರ ಸುಮಾರಿನದು ಎಂದು ಅಜ್ಜಿ ಹೇಳುತ್ತಿದ್ದರು. ಆದರೆ ಈಚೆಗೆ ಸೋರುವ ಕಡೆ ಹಂಚು ತೆಗೆದಾಗ ಅದರ ಬೆನ್ನಿನಲ್ಲಿ ಬಾಸೆಲ್ ಮಿಶನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯ ಹೆಸರೂ 1865 ಎಂಬ ಇಸವಿಯೂ ಕಂಡವು. ಮನೆಗೆ ಮುಂದೆ ಗಾಜು ಹಾಕಿದ ಜಗಲಿ, ಅದರ ಕಂಬಗಳ ನಡುವೆ ಕೂರಲು ಅಗಲವಾದ ಒಂದೇ ಮರದ ಹಲಗೆ. ಒಳಗೆ ಬೆಂಕಿಗೂಡಿರುವ ಹಾಲ್, ಎರಡೂ ಬದಿಗೆ ಕೋಣೆಗಳು, ಪ್ರತಿ ಕೋಣೆಯ ಹಿಂದೆ ಬಚ್ಚಲು, ಆ ಬಚ್ಚಲಿಗೆ ಹೊರಗಿನಿಂದಲೂ ಒಂದು ಬಾಗಿಲು. ಅಡುಗೆಮನೆ ಬೇರೆಯೇ ಇದೆ, ಮಾಡು ಹೊದಿಸಿದ ಓಣಿಯಲ್ಲಿ ನಡೆದು ಹೋಗಬೇಕು. ಬ್ರಿಟಿಷ್ ಕಾಲದಲ್ಲಿ ಕೊಡಗಿನ ಆಡಳಿತದ ಮುಖ್ಯಸ್ಥರಾಗಿದ್ದ ಚೀಫ್ ಕಮಿಷನರ್ ಒಬ್ಬರು ಇಲ್ಲಿ ತಂಗಿದ್ದರೆಂದು ಮನೆಯಲ್ಲಿ ಮಾತಿದೆ. ಈಗ ಅಣ್ಣನಿಗೆ ಇದನ್ನು ಕೆಡವಿ ಹೋಂಸ್ಟೇ ಕಟ್ಟುವ ಮನಸ್ಸು, ತಮ್ಮನಿಗೆ ಮೂರು ಪಾಲು ಮಾಡುವ ಮನಸ್ಸು. ಇದು ಪಾರಂಪರಿಕ ಕಟ್ಟಡ ಎನಿಸಿಕೊಳ್ಳುತ್ತದೆಯೇ? ಹಾಗೆ ಹೆಸರು ಬಿದ್ದರೆ ಸರ್ಕಾರ ಕಿತ್ತುಕೊಳ್ಳುತ್ತದೆಯೇ?

ಉತ್ತರ: ಎನಿಸಿಕೊಳ್ಳುತ್ತದೆ. ಸರ್ಕಾರ ಕಿತ್ತುಕೊಳ್ಳುವುದಿಲ್ಲ. ಆದರೆ ನೀವು ಯಾವುದನ್ನು ಈ ಮನೆಯ ಹೆಚ್ಚುಗಾರಿಕೆ ಎಂದುಕೊಂಡು ಬರೆದಿದ್ದೀರೋ, ಅಂದರೆ 1865ರ ಹಂಚು ಮತ್ತು ಚೀಫ್ ಕಮಿಷನರ್, ಆ ಎರಡರಲ್ಲೂ ಅದು ಇಲ್ಲ. ನೀವು ನಡುವೆ ಒಂದೇ ಸಾಲಿನಲ್ಲಿ ಹೇಳಿ ದಾಟಿಸಿದ ಆ ಮರದ ಹಲಗೆಯಲ್ಲಿದೆ. ಅದಕ್ಕೆ ಬರುತ್ತೇನೆ, ಮೊದಲು ಹಂಚಿನ ವಿಚಾರ ಮುಗಿಸೋಣ, ಏಕೆಂದರೆ ಈ ಗೊಂದಲ ನಿಮ್ಮೊಬ್ಬರದಲ್ಲ. ಕೊಡಗು, ದಕ್ಷಿಣ ಕನ್ನಡ, ಮಲೆನಾಡಿನ ಉದ್ದಕ್ಕೂ ಹಂಚು ತೆಗೆದು ನೋಡಿದವರೆಲ್ಲ ತಮ್ಮ ಮನೆಗೆ ಒಮ್ಮೆಲೇ ಐವತ್ತು ವರ್ಷ ಸೇರಿಸಿಕೊಂಡಿದ್ದಾರೆ.

ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷ 1865. ಆ ಇಸವಿಯನ್ನು ಅವರು ತಮ್ಮ ಗುರುತಾಗಿ ಹಂಚಿನ ಮೇಲೆ ಒತ್ತುತ್ತಿದ್ದರು. 1880ರಲ್ಲಿ ಸುಟ್ಟ ಹಂಚಿನಲ್ಲೂ 1910ರಲ್ಲಿ ಸುಟ್ಟದ್ದರಲ್ಲೂ ಅದೇ ಇಸವಿ ಇರುತ್ತದೆ. ಹಾಗಾಗಿ ಅದು ಕಾರ್ಖಾನೆಯ ಹುಟ್ಟಿದ ವರ್ಷವೇ ಹೊರತು ನಿಮ್ಮ ಮನೆಯದಲ್ಲ. ಆದರೂ ಆ ಹಂಚು ಸುಮ್ಮನೆ ಕೂತಿಲ್ಲ, ಬೇರೊಂದು ಸುಳಿವು ಕೊಡುತ್ತದೆ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು, ಮುಂದಿನ ಹಂಚುಗಳ ಮೇಲೆ ಆ ಹೆಸರು ಬಂತು. ನಿಮ್ಮ ಮಾಡಿನಲ್ಲಿ ಹೆಚ್ಚಿನವು ಮಿಶನ್ ಹೆಸರಿನವೇ ಆಗಿದ್ದು ಅಲ್ಲಲ್ಲಿ ಮಾತ್ರ ಟ್ರಸ್ಟ್ ಹೆಸರಿನವು ಸಿಕ್ಕರೆ, ಮೊದಲ ಹೊದಿಕೆ ಯುದ್ಧಕ್ಕೆ ಮುಂಚಿನದು, ಒಡೆದ ಕಡೆ ಆಮೇಲೆ ತುಂಬಿದ್ದಾರೆ ಎಂದು ಓದಿಕೊಳ್ಳಬಹುದು. ನಿಮ್ಮ ಅಜ್ಜಿಯ 1912ಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಅಜ್ಜಿಯರ ಇಸವಿಗಳು ಸಾಮಾನ್ಯವಾಗಿ ಕಾರ್ಖಾನೆಯ ಮುದ್ರೆಗಿಂತ ನಂಬಲರ್ಹ. ಅವರು ಮನೆ ಒಕ್ಕಲನ್ನು ಮದುವೆಗೋ ಹೆರಿಗೆಗೋ ಗಂಟುಹಾಕಿ ನೆನಪಿಟ್ಟಿರುತ್ತಾರೆ.

ಹಂಚಿಗಿಂತ ಗೋಡೆ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಹಂಚನ್ನು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ಮತ್ತೆ ಹೊದಿಸುವುದುಂಟು, ಬೇರೆ ಮನೆಯ ಹಂಚು ಇಲ್ಲಿಗೆ ಬರುವುದೂ ಉಂಟು. ಗೋಡೆ ಹಾಗೆ ಓಡಾಡುವುದಿಲ್ಲ. ಅಟ್ಟ ಹತ್ತಿ, ಗಾರೆ ಬಳಿಯದ ಒಳಗೋಡೆಯ ಒಂದು ಭಾಗ ಹುಡುಕಿ. ಇಟ್ಟಿಗೆಯ ಸಂದಿನಲ್ಲಿ ಇರುವುದು ಮಣ್ಣೋ, ಸುಣ್ಣದ ಗಾರೆಯೋ, ಸಿಮೆಂಟೋ ನೋಡಿ. ನಮ್ಮ ದೇಶದಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿನ ತಯಾರಿಕೆ ಗಟ್ಟಿಯಾಗಿ ನೆಲೆಯೂರಿದ್ದೇ 1914ರಲ್ಲಿ, ಪೋರಬಂದರಿನ ಕಾರ್ಖಾನೆಯಿಂದ. ಅದಕ್ಕೆ ಮುಂಚೆ ಹಡಗಿನಲ್ಲಿ ಬಂದ ಸಿಮೆಂಟನ್ನು ಘಾಟಿ ಹತ್ತಿಸಿ ಗೋಡೆ ಕಟ್ಟಲು ಬಳಸುವಷ್ಟು ದುಂದು ಒಬ್ಬ ಪಾರ್ಪತ್ಯಗಾರ ಮಾಡಿರಲಾರ. ಮೂಲ ಗೋಡೆಯ ಸಂದಿನಲ್ಲಿ ಮಣ್ಣು ಅಥವಾ ಸುಣ್ಣ ಇದ್ದರೆ ಅಜ್ಜಿಯ ಮಾತು ನಿಂತಿತು. ಹಾಲ್‌ನ ನೆಲ ಕೆಂಪು ಆಕ್ಸೈಡಿನದಾಗಿದ್ದರೆ ಅದು ಮಾತ್ರ ಬಹುಶಃ ಎರಡನೆಯ ಕಂತು, ಏಕೆಂದರೆ ಆ ಬಗೆಯ ನೆಲಕ್ಕೆ ಸಾಮಾನ್ಯವಾಗಿ ಸಿಮೆಂಟು ಬಳಸುತ್ತಾರೆ. ಮಾಡಿನ ಇಳಿಜಾರು ತೊಲೆಗಳಾದ ಪಕ್ಕಾಸುಗಳಲ್ಲಿ, ಹಂಚು ಕೂರುವ ಈಗಿನ ರೀಪಿನ ಅಂತರಕ್ಕೆ ಹೊಂದದ ಹಳೆಯ ಮೊಳೆಗುರುತುಗಳಿವೆಯೇ ನೋಡಿ. ಇದ್ದರೆ ಮಂಗಳೂರು ಹಂಚಿಗೂ ಮೊದಲು ಬೇರೆ ಹೊದಿಕೆಯಿತ್ತು ಎಂದರ್ಥ.

ಕಾಗದದ ಸಾಕ್ಷಿಗೆ ನಗರಸಭೆಯ ಹಳೆಯ ಕಂದಾಯ ಪುಸ್ತಕ, ಉಪನೋಂದಣಿ ಕಚೇರಿಯ ಕ್ರಯಪತ್ರಗಳು, ಮುತ್ತಜ್ಜನ ಉಯಿಲು, ಮನೆಯ ಮುಂದೆ ನಿಂತು ತೆಗೆಸಿದ ಮದುವೆ ಫೋಟೋಗಳು, ಇವಿಷ್ಟು ಸಾಕು. ಕೊಡಗಿನ ಬ್ರಿಟಿಷ್ ಕಾಲದ ಆಡಳಿತದ ಕಡತಗಳನ್ನು ನೋಡಬೇಕೆಂದರೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬಹುದು. ಸರ್ಕಾರಿ ಹುದ್ದೆಯಲ್ಲಿದ್ದವರು ಜಾಗ ಕೊಂಡು ಮನೆ ಕಟ್ಟಿದರೆ ಎಲ್ಲಾದರೂ ಒಂದು ಕಡೆ ಶಾಯಿ ಬಿದ್ದೇ ಇರುತ್ತದೆ.

ವಯಸ್ಸಿನ ಮಾತು ಇಲ್ಲಿಗೆ ಸಾಕು. ನೂರು ವರ್ಷ ದಾಟಿದ್ದೆಲ್ಲ ಪರಂಪರೆಯಲ್ಲ. ಪ್ರಪಂಚದ ಬೇರೆ ಬೇರೆ ಕಡೆ ಸಂರಕ್ಷಣೆಯವರು ಇಂಥ ಕಟ್ಟಡ ತೂಗುವಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಇದು ಯಾವ ಚರಿತ್ರೆಯನ್ನು ತೋರಿಸುತ್ತದೆ, ಇದರ ರೂಪದಲ್ಲಿ ಏನಿದೆ, ಇದನ್ನು ಓದಿ ಹೊಸದೇನಾದರೂ ತಿಳಿಯುತ್ತದೆಯೇ, ಯಾವ ಜನಕ್ಕೆ ಇದು ಬೇಕಾಗಿದೆ. ಆಸ್ಟ್ರೇಲಿಯಾದವರು 1979ರಲ್ಲಿ ಬುರ್ರಾ ಎಂಬ ಊರಿನಲ್ಲಿ ಒಪ್ಪಿಕೊಂಡ ಸನ್ನದು ಈ ಬಗೆಯ ತೂಕವನ್ನು ಜನಪ್ರಿಯಗೊಳಿಸಿತು. ನಮ್ಮಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಹೊರತಂದ ಸನ್ನದು ನಿಮಗೆ ಇನ್ನೂ ಹತ್ತಿರದ್ದು. ಅದು ಬರೆದದ್ದೇ ಕಾನೂನಿನ ರಕ್ಷಣೆ ಇಲ್ಲದ, ಜನ ವಾಸಿಸುತ್ತಿರುವ, ಯಾರೂ ಫಲಕ ಹಾಕದ ಕಟ್ಟಡಗಳಿಗಾಗಿ. ಕೋಟೆ, ಅರಮನೆ, ದೇವಸ್ಥಾನಕ್ಕೆ ಅಳೆಯುವ ಕೋಲಿನಲ್ಲಿ ಒಂದು ಸಂಸಾರದ ಮನೆಯನ್ನು ಅಳೆಯಬಾರದು ಎಂಬುದು ಅದರ ತಿರುಳು.

ಹಾಗಾದರೆ ನಿಮ್ಮ ಮನೆ ತೋರಿಸುವ ಚರಿತ್ರೆ ಯಾವುದು?

ಮಡಿಕೇರಿ ಮೊದಲು ಅರಸರ ಊರು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಕೋಟೆಯೊಳಗೆ ಈಗ ಕಾಣುವ ಅರಮನೆ ಲಿಂಗರಾಜೇಂದ್ರನದು, 1812ರಿಂದ 1814ರ ನಡುವೆ ಕಟ್ಟಿದ್ದು. ಕೋಟೆಯ ಕೆಳಗೆ ಪೇಟೆ, ಮಹದೇವಪೇಟೆಯ ಸಾಲು, ಓಂಕಾರೇಶ್ವರ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅರಮನೆ ಕಚೇರಿಯಾಯಿತು, ಕೋಟೆಯೊಳಗೆ ಇಂಗ್ಲಿಷರ ಚರ್ಚು ಬಂತು. ಆ ಚರ್ಚೇ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಆಳುವವರು ಮಾತ್ರ ಪೇಟೆಯೊಳಗೆ ಮನೆ ಮಾಡಲಿಲ್ಲ. ಪೇಟೆಗೆ ಬೆನ್ನು ಹಾಕಿ, ಕಣಿವೆಗೆ ಮುಖ ಮಾಡಿ, ಗುಡ್ಡದ ಏಣುಗಳ ಮೇಲೆ ದೊಡ್ಡ ಕಾಂಪೌಂಡಿನ ನಡುವೆ ಬಂಗಲೆ ಕಟ್ಟಿಕೊಂಡರು. ಮಡಿಕೇರಿಯ ಹೊರವಲಯ ಹುಟ್ಟಿದ್ದು ಹೀಗೆ. ರಾಜಾಸೀಟಿನಿಂದ ಸ್ಟುವರ್ಟ್ ಹಿಲ್ ಕಡೆಗೂ, ಮೈಸೂರು ರಸ್ತೆಯ ಆಚೀಚೆಗೂ ಹಳೆಯ ಮನೆಗಳು ಕೂತಿರುವ ಜಾಗ ನೋಡಿದರೆ ಈ ಆಯ್ಕೆ ಈಗಲೂ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನ ಬರುವಷ್ಟರಲ್ಲಿ ಆ ಏಣುಗಳ ಮೇಲೆ ಮನೆ ಕಟ್ಟುವವರು ಬದಲಾಗತೊಡಗಿದರು. ಫೌಲರ್ ಎಂಬ ಇಂಗ್ಲಿಷ್ ಪ್ಲಾಂಟರ್ 1854ರಲ್ಲಿ ಮಡಿಕೇರಿಯ ಬಳಿ ತೋಟ ತೆರೆದ ಮೇಲೆ ಕಾಫಿ ಹಬ್ಬಿತು, ಎಲೆರೋಗ ಕಾಂಡಕೊರಕಗಳ ಹೊಡೆತಕ್ಕೆ ಬಿದ್ದಿತು, ಮತ್ತೆ ಎದ್ದಿತು. ಏಳುವಷ್ಟರಲ್ಲಿ ಕೊಡಗಿನವರೂ ತೋಟಗಾರರಾಗಿದ್ದರು. ಕೊಡಗು ಚಿಕ್ಕ ಪ್ರಾಂತವಾದರೂ ಪೂರ್ತಿ ಆಡಳಿತ ಯಂತ್ರ ಇತ್ತು: ತಾಲೂಕಿಗೆ ಸುಬೇದಾರ, ಅವನ ಕೆಳಗೆ ನಾಡಿಗೆ ಪಾರ್ಪತ್ಯಗಾರ, ಕಚೇರಿಯಲ್ಲಿ ಶಿರಸ್ತೇದಾರ, ಗುಮಾಸ್ತ, ವಕೀಲ. ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕೆಂದರೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು. ಸಂಬಳ, ಕಾಫಿ, ಶಾಲೆ ಈ ಮೂರೂ ಸೇರಿ, ಇಡೀ ಮನೆತನದ ಮೂಲಮನೆಯಾದ ಊರಿನ ಐನ್‌ಮನೆಯಿಂದ ಒಂದೊಂದು ಸಂಸಾರವನ್ನು ಮಡಿಕೇರಿಯ ಅಂಚಿಗೆ ಎಳೆದು ತಂದವು. ನಿಮ್ಮ ಮುತ್ತಜ್ಜ ಆ ಸಾಲಿನವರು.

ಕೊಡವರಿರಲಿ ಅರೆಭಾಷೆ ಗೌಡರಿರಲಿ, ಐನ್‌ಮನೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಆದರೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ನಿಮ್ಮ ಮನೆಯ ವಿಚಿತ್ರ ಹೊಳೆಯುವುದು. ಗದ್ದೆಯ ಬಯಲಿಗೆ ತುಸು ಮೇಲೆ ಮನೆ, ಅಲ್ಲಿಗೆ ಹೋಗಲು ಎರಡೂ ಬದಿ ಬರೆಯಿರುವ ಓಣಿ. ಮುಂದೆ ಕೈಯಾಲೆ ಎಂಬ ಜಗಲಿ, ಕೆತ್ತಿದ ಕಂಬಗಳು, ಕಂಬಗಳ ನಡುವೆ ಕೂತು ಕೂತು ನುಣುಪಾದ, ಐಮರ ಎಂಬ ಮರದ ಹಲಗೆ. ಒಳಗೆ ನೆಲ್ಲಕ್ಕಿ ಎಂಬ ನಡುಮನೆಯಲ್ಲಿ ತೂಗುದೀಪ. ಮುಂದ್‌ಮನೆಯಾದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕೋಣೆಗಳು. ಅಂಗಳದ ಆಚೆ ಕಾರಣವರ, ಅಂದರೆ ಕುಲದ ಹಿರಿಯರ, ಕೈಮಡ ಎಂಬ ಗುಡಿ. ಅದು ಒಂದು ಒಕ್ಕಕ್ಕೆಂದು, ಅಂದರೆ ಒಂದೇ ಮೂಲದ ಇಡೀ ಮನೆತನಕ್ಕೆಂದು ಕಟ್ಟಿದ ಮನೆ. ಗಂಡ, ಹೆಂಡತಿ, ನಾಲ್ಕು ಮಕ್ಕಳು ಎಂಬ ಲೆಕ್ಕ ಅಲ್ಲಿಲ್ಲ. ಮನೆ ಒಳಮುಖವಾಗಿ ತಿರುಗಿರುತ್ತದೆ, ಬೆಳಕು ನಡುವಿನಿಂದ ಬರುತ್ತದೆ, ಎಲ್ಲರೂ ಎಲ್ಲರ ಕಣ್ಣಿಗೆ ಬೀಳುತ್ತಾರೆ.

ನಿಮ್ಮ ಮನೆಯಲ್ಲಿ ಇದೆಲ್ಲ ತಲೆಕೆಳಗು. ಅಂಗಳ ನಡುವಿನಿಂದ ಹೊರಗೆ ಹೋಗಿ ಸುತ್ತಲಿನ ತೋಟವಾಗಿದೆ. ನಡುವೆ ಮಾಡು ಮುಚ್ಚಿದ ಹಾಲ್. ಕೋಣೆಗಳಿಗೆ ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ. ಕೋಣೆಗೊಂದು ಬಚ್ಚಲು. ಒಬ್ಬ ಸಂಬಳದ ಮನುಷ್ಯ ತನ್ನ ಹೆಂಡತಿ ಮಕ್ಕಳೊಂದಿಗೆ ಮಾತ್ರ ಇರುವ ಮನೆಯ ಕಲ್ಪನೆ ಕೊಡಗಿನಲ್ಲಿ ಆಗ ತಾನೇ ಬಂದಿತ್ತು; ಅದು ಇಲ್ಲಿ ಇಟ್ಟಿಗೆಯಲ್ಲಿ ನಿಂತಿದೆ. ನೆಲ್ಲಕ್ಕಿ ಇಲ್ಲವೆಂದು ನೀವು ಹೇಳಲಿಲ್ಲ, ಆದರೆ ನಕ್ಷೆಯ ವಿವರದಲ್ಲಿ ಅದಕ್ಕೆ ಜಾಗವೇ ಕಾಣುತ್ತಿಲ್ಲ. ಇರಲೂ ಬೇಕಿರಲಿಲ್ಲ. ಒಕ್ಕದ ದೀಪ ಊರಿನ ಐನ್‌ಮನೆಯಲ್ಲೇ ಉರಿಯುತ್ತಿತ್ತು, ಪುತ್ತರಿ ಎಂಬ ಸುಗ್ಗಿಹಬ್ಬಕ್ಕೆ ಕದಿರು ಬರುತ್ತಿದ್ದದ್ದು ಅಲ್ಲಿಗೆ, ಕಾರಣವರಿಗೆ ಎಡೆ ಇಡುತ್ತಿದ್ದದ್ದೂ ಅಲ್ಲೇ. ಪೇಟೆಯ ಮನೆ ಆ ಜವಾಬ್ದಾರಿಯಿಂದ ಬಿಡುಗಡೆ ಪಡೆದಿತ್ತು, ಹಾಗಾಗಿಯೇ ಇಷ್ಟು ಧೈರ್ಯವಾಗಿ ಬೇರೆ ರೂಪ ತಾಳಿತು. ಹಾಲ್‌ನ ಒಂದು ಮೂಲೆಯಲ್ಲಿ ಚಿಕ್ಕ ದೀಪದ ಗೂಡು ಇದೆಯೇ ನೋಡಿ. ಇದ್ದರೆ ಅದನ್ನು ಬಣ್ಣ ಬಳಿಯುವ ಮೊದಲು ಫೋಟೋ ತೆಗೆದಿಡಿ.

ಈಗ ಹಲಗೆ. ಇಂಗ್ಲಿಷರ ಬಂಗಲೆಯ ಜಗಲಿಯಲ್ಲಿ ಕೂರಲು ಬೆತ್ತದ ಕುರ್ಚಿ, ಕಾಲು ಚಾಚುವ ಆರಾಮಕುರ್ಚಿ ಇರುತ್ತದೆ. ಕಂಬದಿಂದ ಕಂಬಕ್ಕೆ ಕೂರಿಸಿದ ಅಗಲದ ಹಲಗೆ ಇರುವುದಿಲ್ಲ. ನೀವು ವರ್ಣಿಸಿದ ಹಲಗೆ ಐಮರವೇ. ಯಾವುದೋ ಕಚೇರಿಯ ಬಂಗಲೆ ನೋಡಿ ಹಾಗೇ ಬೇಕೆಂದು ಮುತ್ತಜ್ಜ ಹೇಳಿರಬಹುದು, ಆಚಾರಿ ಹಾಗೇ ಕಟ್ಟಿದ. ಆದರೆ ಮನೆಗೆ ಬಂದ ಹಿರಿಯನನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಬಂದಾಗ ಇಬ್ಬರಿಗೂ ಐನ್‌ಮನೆಯ ಉತ್ತರ ಬಿಟ್ಟು ಬೇರೆ ತೋಚಲಿಲ್ಲ. ಆ ಹಲಗೆಯ ಮೇಲೆಯೇ ಗಾಜಿನ ಕಿಟಕಿ ಸಾಲು. ಇದು ಮೂರನೆಯ ಪದರ. ಮಡಿಕೇರಿಯ ಎತ್ತರ ಸುಮಾರು 1,170 ಮೀಟರ್, ವರ್ಷಕ್ಕೆ ಬೀಳುವ ಮಳೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ಅದು ಮೇಲಿನಿಂದ ಮಾತ್ರ ಬೀಳುವ ಮಳೆಯಲ್ಲ, ಗಾಳಿಯ ಜೊತೆ ಅಡ್ಡಕ್ಕೆ ಬರುವ ಮಳೆ. ಬೆಂಗಳೂರಿನ ಬಂಗಲೆಯ ಜಗಲಿಗೆ ಮರದ ಜಾಲರಿ ಸಾಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಜಗಲಿ ಉಪಯೋಗಕ್ಕೆ ಬಾರದು. ಆದ್ದರಿಂದ ಗಾಜು. ಹೊರಗಿನಿಂದ ಬಂದ ನಕ್ಷೆ, ಒಳಗಿನಿಂದ ಬಂದ ಪೀಠ, ಊರಿನ ಮಳೆ ಹೇರಿದ ಗಾಜು, ಮೂರೂ ಆ ಒಂದೇ ಜಗಲಿಯಲ್ಲಿ ಸೇರಿವೆ. ಇಡೀ ಮನೆಯಲ್ಲಿ ಒಂದೇ ಭಾಗ ಉಳಿಸಲು ಸಾಧ್ಯ ಎಂದರೆ ನಾನು ಜಗಲಿ ಎನ್ನುತ್ತೇನೆ. ಬೆಂಕಿಗೂಡು ಚೆಂದವೇ, ಆದರೆ ಅಂಥದ್ದು ಊಟಿಯಲ್ಲೂ ಸಿಗುತ್ತದೆ.

ಬಚ್ಚಲಿನ ಹೊರಬಾಗಿಲ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಗಾಳಿಗೆಂದು ಇಟ್ಟದ್ದಲ್ಲ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲದ ಪಾತ್ರೆ ಎತ್ತಿಕೊಂಡು ಹೋಗುವ ಮನುಷ್ಯ ಮನೆಯೊಳಗೆ ಕಾಲಿಡದೆ ಬಂದು ಹೋಗಲೆಂದು ಮಾಡಿದ ಬಾಗಿಲು. ದೇಶದ ಉದ್ದಕ್ಕೂ ಆ ಕಾಲದ ಬಂಗಲೆಗಳಲ್ಲಿ ಇದಿದೆ. ಪರಂಪರೆ ಎಂದು ಫಲಕ ಹಾಕುವವರು ಬೆಂಕಿಗೂಡನ್ನು ತೋರಿಸಿ ಈ ಬಾಗಿಲನ್ನು ದಾಟಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಹೊರಗಿನ ಅಡುಗೆಮನೆ, ಅದರಾಚೆಯ ಆಳುಗಳ ಸಾಲುಕೋಣೆ ಇದ್ದರೆ ಅದು, ಈ ಬಾಗಿಲು, ಇವೂ ಮನೆಯ ಚರಿತ್ರೆಯೇ. ಪಾರ್ಪತ್ಯಗಾರರ ಸಂಸಾರ ಸುಖವಾಗಿರಲು ಯಾರ ಯಾರ ದುಡಿಮೆ ಬೇಕಿತ್ತು ಎಂಬುದು ನಕ್ಷೆಯಲ್ಲೇ ಬರೆದಿದೆ. ಬಾಗಿಲು ಮುಚ್ಚಬೇಕಾದರೆ ಒಳಗಿನಿಂದ ಹಲಗೆ ಜಡಿದು ಮುಚ್ಚಿ; ಚೌಕಟ್ಟು ಕಿತ್ತು ಇಟ್ಟಿಗೆ ತುಂಬಬೇಡಿ.

ಚೀಫ್ ಕಮಿಷನರ್ ವಿಚಾರ ಬೇಗ ಮುಗಿಸುತ್ತೇನೆ. ನಿಮ್ಮ ಮನೆ ಕಟ್ಟಿದ ಕಾಲಕ್ಕೆ ಕೊಡಗಿನ ಚೀಫ್ ಕಮಿಷನರ್ ಆಗಿದ್ದವರು ಮೈಸೂರಿನ ರೆಸಿಡೆಂಟರೇ, ಅಂದರೆ ಮೈಸೂರು ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯೇ. ಅವರ ವಾಸ ಬೆಂಗಳೂರಿನಲ್ಲಿ. ಮಡಿಕೇರಿಯಲ್ಲಿ ಇರುತ್ತಿದ್ದವರು ಅವರ ಕೆಳಗಿನ ಕಮಿಷನರ್. ಚೀಫ್ ಕಮಿಷನರ್ ಸವಾರಿ ಬಂದರೆ ತಂಗಲು ಸರ್ಕಾರಿ ಏರ್ಪಾಡು ಇರುತ್ತಿತ್ತು, ಕೈಕೆಳಗಿನ ಪಾರ್ಪತ್ಯಗಾರನ ಮನೆಯಲ್ಲಿ ರಾತ್ರಿ ಕಳೆದರೆಂಬುದಕ್ಕೆ ಪತ್ರವೋ ಫೋಟೋವೋ ಬೇಕು. ಚಹಾಕ್ಕೆ ಬಂದಿದ್ದರೆ ಆಶ್ಚರ್ಯವಿಲ್ಲ, ಬಂದು ಹೋದವರಿಂದ ಮನೆಗೆ ಹೆಚ್ಚೇನೂ ಬೆಲೆ ಬರುವುದೂ ಇಲ್ಲ. ಬಾಳಿದವರಿಂದ ಬರುತ್ತದೆ. ಮಡಿಕೇರಿಯಲ್ಲೇ ಇರುವ ಸನ್ನಿಸೈಡ್ ನೋಡಿ. ಅದು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಕುಟುಂಬದ ಮನೆ. ಬಹುಕಾಲ ಸರ್ಕಾರಿ ಕಚೇರಿಯಾಗಿ ಬಳಕೆಯಲ್ಲಿತ್ತು. ಆಮೇಲೆ ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದರು, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ಕೋವಿಂದ್ ಅದನ್ನು ಉದ್ಘಾಟಿಸಿದರು. ಅಲ್ಲಿಗೆ ಹೋದವರು ಸಮವಸ್ತ್ರ, ಪದಕ, ಬಂದೂಕು ನೋಡಿ ಬರುತ್ತಾರೆ. ನೀವು ಹೋದಾಗ ಮನೆಯನ್ನೂ ನೋಡಿ: ಕೋಣೆಗಳ ಜೋಡಣೆ, ಮಾಡಿನ ಇಳಿಜಾರು, ಕಾಂಪೌಂಡಿನಲ್ಲಿ ಕೂತ ರೀತಿ. ಅದು ನಿಮ್ಮ ಮನೆಯ ಪೀಳಿಗೆಯದೇ. ಒಬ್ಬ ದೊಡ್ಡ ಮನುಷ್ಯನ ಹೆಸರು ಇದ್ದದ್ದರಿಂದ ಅದು ಉಳಿಯಿತು. ಹೆಸರಿಲ್ಲದವು ಒಂದೊಂದಾಗಿ ಲಾಡ್ಜು, ಕಾಂಪ್ಲೆಕ್ಸು ಆಗುತ್ತಿವೆ.

ತೋಟದ ಬಂಗಲೆಗಳಿಗೆ ಈ ಗತಿ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪಾಲಿಬೆಟ್ಟ, ಸಿದ್ದಾಪುರ, ಸುಂಟಿಕೊಪ್ಪ ಕಡೆಯ ಎಸ್ಟೇಟ್ ಬಂಗಲೆಗಳಿಗೆ ಪ್ರವಾಸಿಗರು ಸಿಕ್ಕರು, ದುಡ್ಡು ಸಿಕ್ಕಿತು. ಐನ್‌ಮನೆಗಳಿಗೆ ಒಕ್ಕದವರ ಭಕ್ತಿಯಿದೆ, ವರ್ಷಕ್ಕೊಮ್ಮೆಯಾದರೂ ಸೇರುತ್ತಾರೆ, ಸುಣ್ಣ ಬಳಿಯುತ್ತಾರೆ. ಇವೆರಡರ ನಡುವಿನ, ಪೇಟೆಯಂಚಿನ ಸಂಬಳದವರ ಮನೆಗೆ ಅತ್ತ ಭಕ್ತಿಯೂ ಇಲ್ಲ ಇತ್ತ ಪ್ರವಾಸಿಯೂ ಇಲ್ಲ. ಜಾಗಕ್ಕೆ ಮಾತ್ರ ಬೆಲೆ. ಹಾಗೆಂದೇ ಕೊಡಗಿನ ಕಟ್ಟಡಗಳಲ್ಲಿ ಅತಿ ಬೇಗ ಮಾಯವಾಗುವ ಬಗೆ ಇದೇ ಎಂದು ನನ್ನ ಅಂದಾಜು. ನಿಮ್ಮದು ಅಪರೂಪದ ಮನೆ ಅಲ್ಲ, ಒಂದು ಬಗೆಗೆ ಒಳ್ಳೆಯ ಮಾದರಿ. ಮೂಲ ನಕ್ಷೆ ಮಾರ್ಪಾಡಾಗದೆ, ಜಗಲಿ, ಹಾಲ್, ಹೊರ ಅಡುಗೆಮನೆ, ಕಾಂಪೌಂಡು ಎಲ್ಲ ಒಟ್ಟಿಗೆ ಉಳಿದಿರುವುದರಿಂದಲೇ ಆ ಮಾತು ಹೇಳಬಲ್ಲೆ.

ಕಾನೂನಿನ ಭಯ ಬಿಡಿ. ಇಂಟ್ಯಾಕ್‌ನಂಥ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿಕೊಂಡರೆ ಅದು ದಾಖಲೆ ಮಾತ್ರ, ನಿಮ್ಮ ಹಕ್ಕಿನ ಒಂದು ಎಳೆಯನ್ನೂ ಮುಟ್ಟುವುದಿಲ್ಲ. ರಾಜ್ಯದ ಪುರಾತತ್ವ ಇಲಾಖೆ 1961ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕವೆಂದು ಘೋಷಿಸುವುದು ಬೇರೆ ವಿಷಯ. ಅದಕ್ಕೆ ಅಧಿಸೂಚನೆ, ಆಕ್ಷೇಪಣೆಗೆ ಅವಕಾಶ ಎಲ್ಲ ಇದೆ, ಘೋಷಣೆಯಾದ ಮಾತ್ರಕ್ಕೆ ಒಡೆತನ ಸರ್ಕಾರದ್ದಾಗುವುದಿಲ್ಲ. ನಿಮ್ಮ ಮನೆಯಂಥ ಮನೆಗೆ ಅಷ್ಟು ದೂರ ಯಾರೂ ಬರುವುದಿಲ್ಲ. ಅದೇ ವರ್ಷದ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆ ಇದೆಯಾದರೂ, ನಿಮ್ಮ ಕಟ್ಟಡದ ಹೆಸರು ಅಧಿಕೃತವಾಗಿ ಸೇರದ ಹೊರತು ಅದರಿಂದ ತೊಡಕಿಲ್ಲ, ರಕ್ಷಣೆಯೂ ಇಲ್ಲ. ಒಂದನ್ನು ಮಾತ್ರ ಪರೀಕ್ಷಿಸಿ. ಮಡಿಕೇರಿ ಕೋಟೆಯ ಅರಮನೆ ಕೇಂದ್ರದ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಜಾಗ ಆ ವಲಯಕ್ಕೆ ಬಿದ್ದರೆ ಅಣ್ಣನ ಹೋಂಸ್ಟೇಗೆ ಮೊದಲು ಅನುಮತಿಯ ಪ್ರಶ್ನೆ ಏಳುತ್ತದೆ. ನೀವು ಹೇಳಿದ ಏಣು ಪೇಟೆಯಿಂದ ಹೊರಗಿರುವುದರಿಂದ ಬೀಳಲಿಕ್ಕಿಲ್ಲ.

ಅಣ್ಣನ ಯೋಚನೆಗೆ ನಾನು ವಿರೋಧಿಯಲ್ಲ. ಈ ಮಳೆಯಲ್ಲಿ ಬೀಗ ಹಾಕಿಟ್ಟ ಮನೆ ಹತ್ತು ವರ್ಷ ನಿಲ್ಲುವುದಿಲ್ಲ. ಒಲೆ ಉರಿಯದ ಮನೆಗೆ ಗೆದ್ದಲೂ ಬೂಸ್ಟೂ ಯಜಮಾನರು. ಆದರೆ ಕೆಡವಿ ಕಟ್ಟಿದ ಕಾಂಕ್ರೀಟಿನ ಹೋಂಸ್ಟೇ ಈ ಊರಿನಲ್ಲಿ ಎಷ್ಟಿಲ್ಲ? ಐಮರದ ಮೇಲೆ ಕೂತು ಗಾಜಿನಾಚೆಯ ಮಂಜು ನೋಡುವ ಮನೆ ಎಷ್ಟಿವೆ? ವ್ಯಾಪಾರದ ಲೆಕ್ಕದಲ್ಲೇ ಹೇಳಿದರೂ ಹಳೆಯ ಮನೆಯೇ ಬಂಡವಾಳ. ಜಗಲಿ, ಹಾಲ್, ಮುಂದಿನ ಎರಡು ಕೋಣೆ ಇದ್ದ ಹಾಗೇ ಇರಲಿ. ಹಿಂದಿನ ಬಚ್ಚಲುಗಳಲ್ಲಿ ಹೊಸ ಕೊಳಾಯಿ, ಹೊಸ ಕಮೋಡು ಹಾಕಿ, ಅಲ್ಲಿ ಮುಟ್ಟಲು ಹೆದರಬೇಕಿಲ್ಲ. ಹೊಸ ಕೋಣೆಗಳು ಬೇಕಾದರೆ ಅಡುಗೆಮನೆಯಾಚೆ, ಮನೆಗಿಂತ ತಗ್ಗಾಗಿ, ಬೇರೆಯಾಗಿ ಕಟ್ಟಲಿ. ಹಳೆಯದರಂತೆ ನಟಿಸುವ ಹೊಸ ಕಟ್ಟಡ ಬೇಡ. ಸರಳವಾಗಿ ಇಂದಿನದೇ ಆಗಿರಲಿ.

ಗೋಡೆಗೆ ಸಿಮೆಂಟ್ ಬಳಿಯಬೇಡಿ. ಮಣ್ಣು ಮತ್ತು ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಮೇಲೆ ಸಿಮೆಂಟಿನ ಗಾರೆ ಅಥವಾ ಪ್ಲಾಸ್ಟಿಕ್ ಬಣ್ಣ ಹೊದಿಸಿದರೆ ಒಳಗಿನ ತೇವಕ್ಕೆ ದಾರಿ ಇಲ್ಲ. ಮೂರು ನಾಲ್ಕು ಮಳೆಗಾಲದಲ್ಲಿ ಗಾರೆ ಹಲಗೆಹಲಗೆಯಾಗಿ ಕಳಚುತ್ತದೆ, ತೊಲೆ ಗೋಡೆ ಸೇರುವಲ್ಲಿ ಕೊಳೆಯುತ್ತದೆ. ಸುಣ್ಣದ ಗಾರೆಗೆ ಸುಣ್ಣವನ್ನೇ ತೇಪೆ ಹಾಕಿ, ಮೇಲೆ ಸುಣ್ಣವನ್ನೇ ಬಳಿಯಿರಿ. ಪಕ್ಕಾಸಿನ ತುದಿ ಕೊಳೆತಿದ್ದರೆ ಇಡೀ ಪಕ್ಕಾಸು ಬದಲಿಸಬೇಕಿಲ್ಲ, ಕೊಳೆತಷ್ಟು ಕೊಯ್ದು ಅದೇ ಜಾತಿಯ ಮರ ಜೋಡಿಸುವ ಆಚಾರಿಗಳು ಇನ್ನೂ ಇದ್ದಾರೆ. ಹಂಚಿನ ಮೇಲೆ ಲೋಹದ ಶೀಟು ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ. ಸಂರಕ್ಷಣೆಯ ಕೆಲಸದಲ್ಲಿರುವ ನನ್ನ ಜೊತೆಯವರು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ನೋಡಲು ಕುರೂಪ. ಆದರೂ ಹಂಚು ಕೆಳಗೆ ಉಳಿದು, ಗಾಳಿಯಾಡುವಷ್ಟು ಅಂತರ ಬಿಟ್ಟು ಮೇಲೆ ಶೀಟು ಕೂತರೆ ಮನೆ ಒಣಗಿರುತ್ತದೆ, ನಾಳೆ ದುಡ್ಡು ಕೂಡಿದಾಗ ಶೀಟು ಇಳಿಸಬಹುದು. ಮತ್ತೆ ಇಳಿಸಲಾಗುವ ಕುರೂಪಕ್ಕೆ ನನ್ನ ಅಭ್ಯಂತರವಿಲ್ಲ. ಹಂಚು ತೆಗೆದು ಸ್ಲ್ಯಾಬ್ ಹಾಕುವುದಕ್ಕೆ ಇದೆ.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಪಾರಂಪರಿಕ ಅಂಶ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ: ಚರಂಡಿ. ಏಣಿನ ಮೇಲಿನ ಹಳೆಯ ಮನೆಗಳು ಗುಡ್ಡವನ್ನು ಹೆಚ್ಚು ಕಡಿಯದೆ ಸಿಕ್ಕ ಸಮತಟ್ಟಿನಲ್ಲಿ ಕೂರುತ್ತಿದ್ದವು; ಹಿಂದಿನ ಬರೆಗೆ ಕಲ್ಲು ಕಟ್ಟಿ, ಅದರ ತಲೆಯ ಮೇಲೊಂದು ಬುಡದಲ್ಲೊಂದು ಚರಂಡಿ ತೆಗೆದು, ನೀರನ್ನು ಮನೆಯ ಎರಡೂ ಪಕ್ಕದಿಂದ ಕೆಳಗೆ ಸಾಗಿಸುತ್ತಿದ್ದರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಏನೇನಾಯಿತೆಂದು ನಿಮಗೆ ಗೊತ್ತು. ನೇರವಾಗಿ ಕಡಿದ ಬರೆಯ ಕೆಳಗೆ, ನೀರಿನ ದಾರಿಗೆ ಅಡ್ಡಲಾಗಿ ಕಟ್ಟುವುದರ ಅಪಾಯ ಆ ವಾರ ಎಲ್ಲರಿಗೂ ಕಂಡಿತು. ನಿಮ್ಮ ಹಿತ್ತಲಿನ ಕಲ್ಲುಕಟ್ಟೆ, ಎಲೆ ತುಂಬಿ ಮುಚ್ಚಿಹೋದ ಚರಂಡಿ, ಮೆಟ್ಟಿಲು ಮೆಟ್ಟಿಲಾದ ಹೂದೋಟ, ಇವು ಮನೆಯಷ್ಟೇ ಹಳೆಯವು, ಮನೆ ನೂರು ವರ್ಷ ನಿಂತಿರುವುದಕ್ಕೆ ಕಾರಣವೂ ಇವೇ. ಹೋಂಸ್ಟೇಯ ಕಾರು ನಿಲ್ಲಿಸಲು ಹಿಂದಿನ ಬರೆ ಕಡಿಯುತ್ತೇವೆ ಎಂದು ಯಾರಾದರೂ ಹೇಳಿದರೆ, ಜಗಲಿ ಒಡೆಯುತ್ತೇವೆ ಎಂದದ್ದಕ್ಕಿಂತ ಹೆಚ್ಚು ಗಾಬರಿಯಾಗಬೇಕು. ಮುಂದಿನ ಮೇ ತಿಂಗಳೊಳಗೆ ಆ ಚರಂಡಿ ಬಿಡಿಸಿ. ಮಿಕ್ಕ ಯಾವ ಕೆಲಸವೂ ಅದಕ್ಕೆ ಮೊದಲಲ್ಲ.

ಇನ್ನು ತಮ್ಮನ ಮೂರು ಪಾಲು. ಕೆಡವುವುದಕ್ಕಿಂತ ನನಗೆ ಇದರ ಭಯ ಹೆಚ್ಚು, ಏಕೆಂದರೆ ಕೆಡವಲು ಧೈರ್ಯ ಬೇಕು, ಪಾಲು ಮಾಡಲು ಒಂದು ಸಂಜೆ ಸಾಕು. ಜಗಲಿಗೆ ಎರಡು ಅಡ್ಡಗೋಡೆ, ಹಾಲ್ ಒಬ್ಬರಿಗೆ, ಎಡಬಲದ ಕೋಣೆ ಇಬ್ಬರಿಗೆ, ಮೂರು ಅಡುಗೆಮನೆ, ಮೂರು ಬಣ್ಣ. ಹಲಗೆಯನ್ನು ಗರಗಸದಿಂದ ಮೂರು ತುಂಡು ಮಾಡಿದ ಮನೆಗಳೂ ಇವೆ. ನಕ್ಷೆಯೇ ಈ ಮನೆಯ ತಿರುಳು ಎಂದ ಮೇಲೆ ಅಡ್ಡಗೋಡೆ ಎದ್ದ ದಿನ ಉಳಿಯುವುದು ಹಳೆಯ ಇಟ್ಟಿಗೆ ಮಾತ್ರ. ಇದಕ್ಕೆ ದಾರಿ ಇದೆ. ಕಾಂಪೌಂಡಿನ ಖಾಲಿ ಜಾಗವನ್ನು ಬೇಕಾದರೆ ಅಳೆದು ಹಂಚಿಕೊಳ್ಳಿ. ಮನೆಯನ್ನೂ, ಅದರ ಮುಂದಿನ ತೋಟವನ್ನೂ, ಹಿಂದಿನ ಚರಂಡಿಯ ಪಟ್ಟಿಯನ್ನೂ ಗೋಡೆಯಿಂದ ಹಂಚದೆ ಮೂವರ ಅವಿಭಜಿತ ಹಕ್ಕಾಗಿ ಇಟ್ಟು, ಬಾಡಿಗೆ ಬಂದರೆ ಮೂರು ಭಾಗ, ದುರಸ್ತಿ ಬಂದರೆ ಮೂರು ಭಾಗ ಎಂದು ಪತ್ರ ಮಾಡಿಕೊಳ್ಳಬಹುದು. ಒಬ್ಬರಿಗೆ ತಮ್ಮ ಭಾಗ ಮಾರಬೇಕೆನಿಸಿದರೆ ಮೊದಲು ಮಿಕ್ಕ ಇಬ್ಬರಿಗೆ ಕೇಳಬೇಕೆಂಬ ಷರತ್ತು ಸೇರಿಸಿ. ವಕೀಲರ ಬಳಿ ಹೋಗುವ ಮೊದಲು ಮನೆಯನ್ನು ಸರಿಯಾಗಿ ಅಳತೆ ಮಾಡಿಸಿ. ನೆಲದ ನಕ್ಷೆ, ನಾಲ್ಕೂ ಕಡೆಯ ನೋಟ, ಮಾಡಿನ ಮರಗೆಲಸ, ಚರಂಡಿಯ ದಾರಿ ಎಲ್ಲ ಕಾಗದಕ್ಕೆ ಬರಲಿ. ಐಮರದ ಉದ್ದ, ಅಗಲ, ದಪ್ಪವನ್ನು ಬೇರೆಯಾಗಿ ಬರೆಸಿ. ಆ ನಕ್ಷೆಗೆ ಮೂವರೂ ಸಹಿ ಹಾಕಿ ಪತ್ರಕ್ಕೆ ಲಗತ್ತಿಸಿ ನೋಂದಣಿ ಮಾಡಿಸಿದರೆ, ಯಾವುದನ್ನು ಮೂವರೂ ಒಪ್ಪದೆ ಮುಟ್ಟಬಾರದು ಎಂಬುದರ ಬಗ್ಗೆ ನಾಳೆ ನಿಮ್ಮ ಮಕ್ಕಳಿಗೆ ಜಗಳಕ್ಕೆ ಜಾಗವಿರುವುದಿಲ್ಲ.